ಸ್ಪ್ರಿಂಗ್‌ಗೆ ಮುನ್ನ ಶಾಕ್

ಕಾರಿನ ಹ್ಯಾಂಡ್ಲಿಂಗ್ ಸುಧಾರಿಸಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ಲೋಯರಿಂಗ್ ಸ್ಪ್ರಿಂಗ್‌ಗಳನ್ನು. ಕಾರಣ ಅರ್ಥವಾಗುವಂಥದ್ದೇ. ನಾಲ್ಕು ಸ್ಪ್ರಿಂಗ್‌ಗಳ ಬೆಲೆ ನಾಲ್ಕು ಒಳ್ಳೆಯ ಶಾಕ್ ಅಬ್ಸಾರ್ಬರ್‌ಗಳ, ಅಂದರೆ ಶಾಕ್‌ಗಳ, ಬೆಲೆಗಿಂತ ಬಹಳ ಕಡಿಮೆ. ಹಾಕಿಸಿದ ದಿನವೇ ಟೈರಿಗೂ ಫೆಂಡರಿಗೂ ನಡುವಿನ ಜಾಗ ಕಿರಿದಾಗಿ ಕಾರಿನ ನಿಲುವು ಬದಲಾಗುತ್ತದೆ. ಮೊದಲ ತಿರುವಿನಲ್ಲೇ ಕಾರು ಕಡಿಮೆ ವಾಲಿದ್ದು ಗೊತ್ತಾಗುತ್ತದೆ. ಶಾಕ್ ಬದಲಿಸಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಆದರೂ ಈ ಕ್ರಮ ತಿರುವುಮುರುವಾಗಿದೆ ಎಂಬುದು ನನ್ನ ವಾದ. ನಮ್ಮ ರಸ್ತೆಗಳಲ್ಲಿ ದಿನವೂ ಓಡುವ ಕಾರಿಗೆ ಮೊದಲ ಹಣ ಶಾಕ್‌ಗಳಿಗೆ ಹೋಗಬೇಕು. ಸ್ಪ್ರಿಂಗ್ ಆಮೇಲೆ, ಅದೂ ಆ ಶಾಕ್‌ಗೆ ಹೊಂದುವಂಥದ್ದು, ಕಾರನ್ನು 15ರಿಂದ 20 ಮಿ.ಮೀ.ಗಿಂತ ಹೆಚ್ಚು ತಗ್ಗಿಸದಂಥದ್ದು.

ತಗ್ಗಿಸುವುದರಿಂದ ಸಿಗುವ ಲಾಭವನ್ನು ಮೊದಲು ಲೆಕ್ಕ ಹಾಕೋಣ. ತಿರುವಿನಲ್ಲಿ ಒಳಗಿನ ಚಕ್ರಗಳ ಮೇಲಿನ ಭಾರದ ಒಂದು ಪಾಲು ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಕಾರಿನ ತೂಕ, ತಿರುವಿನ ವೇಗೋತ್ಕರ್ಷ, ಗುರುತ್ವ ಕೇಂದ್ರದ ಎತ್ತರ ಮತ್ತು ಎಡ-ಬಲ ಚಕ್ರಗಳ ನಡುವಿನ ಅಂತರ (ಟ್ರ್ಯಾಕ್), ಈ ನಾಲ್ಕರ ಮೇಲೆ ನಿಂತಿದೆ. 1,000 ಕೆ.ಜಿ. ತೂಕದ ಹ್ಯಾಚ್‌ಬ್ಯಾಕ್, 550 ಮಿ.ಮೀ. ಎತ್ತರದಲ್ಲಿ ಗುರುತ್ವ ಕೇಂದ್ರ, 1,450 ಮಿ.ಮೀ. ಟ್ರ್ಯಾಕ್ ಎಂದು ಇಟ್ಟುಕೊಳ್ಳಿ. ಗುರುತ್ವದ 0.4ರಷ್ಟು ಬಲದಲ್ಲಿ ತಿರುಗಿದರೆ, ಅಂದರೆ ಸಾಕಷ್ಟು ಚುರುಕಾಗಿ ತಿರುಗಿದರೆ, ಸುಮಾರು 152 ಕೆ.ಜಿ. ಭಾರ ಹೊರಗಿನ ಬದಿಗೆ ಸರಿಯುತ್ತದೆ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಅದು 143 ಕೆ.ಜಿ.ಗೆ ಇಳಿಯುತ್ತದೆ. ಶೇಕಡಾ ಐದೂವರೆಯಷ್ಟು ವ್ಯತ್ಯಾಸ. ಅಷ್ಟೇ ಎತ್ತರದಲ್ಲಿರುವ 55 ಕೆ.ಜಿ. ಸಾಮಾನನ್ನು ಕಾರಿನಿಂದ ಇಳಿಸಿದರೂ ಇದೇ ಫಲ ಸಿಗುತ್ತದೆ. ಲಾಭ ಇಲ್ಲವೆಂದಲ್ಲ. ಆದರೆ ಸ್ಪ್ರಿಂಗ್ ಹಾಕಿಸಿಕೊಂಡವರು ಅನುಭವಿಸುವ ದೊಡ್ಡ ಬದಲಾವಣೆ ಬರುವುದು ತಗ್ಗಿದ್ದರಿಂದಲ್ಲ, ಸ್ಪ್ರಿಂಗ್ ಗಟ್ಟಿಯಾದದ್ದರಿಂದ.

ಇನ್ನೂ ಒಂದು ಸೂಕ್ಷ್ಮವಿದೆ. ನಮ್ಮ ಬಹುತೇಕ ಹ್ಯಾಚ್‌ಬ್ಯಾಕ್‌ಗಳ ಮುಂಭಾಗದಲ್ಲಿರುವುದು ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನ ಸ್ಟ್ರಟ್. ಈ ವ್ಯವಸ್ಥೆಯಲ್ಲಿ ಕಾರು ತಗ್ಗಿದಾಗ ಕೆಳಗಿನ ಆರ್ಮ್‌ನ ಹೊರತುದಿ ಮೇಲೇಳುತ್ತದೆ. ಅದರೊಂದಿಗೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಕೆಳಗಿಳಿಯುತ್ತದೆ, ಸಾಮಾನ್ಯವಾಗಿ ಗುರುತ್ವ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚೇ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರನ್ನು ವಾಲಿಸುವ ಸನ್ನೆ ಉದ್ದವಾಗುತ್ತದೆ. ಅಂದರೆ ಬರೀ ತಗ್ಗಿಸಿದ ಕಾರು ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ಗಟ್ಟಿ ಸ್ಪ್ರಿಂಗ್ ಅದನ್ನು ತಡೆದು ಹಿಡಿಯುತ್ತದೆ. ಹೊಸ ಸ್ಪ್ರಿಂಗ್‌ನ ಬಲದ ಒಂದು ಪಾಲು ಹೀಗೆ ನಾವೇ ಹುಟ್ಟಿಸಿದ ತೊಂದರೆಯನ್ನು ಸರಿದೂಗಿಸಲು ಖರ್ಚಾಗುತ್ತದೆ. ಹೆಚ್ಚು ತಗ್ಗಿಸಿದಷ್ಟೂ ಈ ಖರ್ಚು ಬೆಳೆಯುತ್ತದೆ.

ನಿಜವಾದ ನಷ್ಟ ಮಾತ್ರ ಸಸ್ಪೆನ್ಷನ್‌ನ ಓಡಾಟದಲ್ಲಿದೆ, ಅಂದರೆ ಚಕ್ರ ಮೇಲೇಳಲು ಉಳಿದಿರುವ ಜಾಗದಲ್ಲಿ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಒಂದನ್ನು ನೆನೆದುಕೊಳ್ಳಿ. ಕಾರು ನಿಂತಾಗ ಓಡಾಟದ ಕೊನೆಯ ತಡೆಯಾದ ಬಂಪ್ ಸ್ಟಾಪ್ ಮುಟ್ಟುವವರೆಗೆ ಚಕ್ರಕ್ಕೆ 80 ಮಿ.ಮೀ. ಜಾಗವಿದೆ ಎನ್ನೋಣ. ತಿರುವಿನಲ್ಲಿ ಕಾರು 3 ಡಿಗ್ರಿ ವಾಲಿದರೆ ಹೊರಗಿನ ಚಕ್ರ ಆಗಲೇ 38 ಮಿ.ಮೀ. ಬಳಸಿಕೊಂಡಿರುತ್ತದೆ, ಮಳೆ ಕೊರೆದ ಡಾಂಬರಿನ ಗುಂಡಿಗೆ ಎಂದು 42 ಮಿ.ಮೀ. ಉಳಿದಿದೆ. ಈಗ 30 ಮಿ.ಮೀ. ತಗ್ಗಿಸಿ, ಶೇಕಡಾ 30ರಷ್ಟು ಗಟ್ಟಿಯಾದ ಸ್ಪ್ರಿಂಗ್ ಹಾಕಿ. ವಾಲುವುದು ಕಡಿಮೆಯಾಗಿ 29 ಮಿ.ಮೀ.ಗೆ ಬಂತು. ಆದರೆ ತಗ್ಗಿಸಿದ 30 ಮೊದಲೇ ಹೋಗಿದೆ; ಗುಂಡಿಗೆ ಉಳಿದದ್ದು 21 ಮಿ.ಮೀ., ಮೊದಲಿದ್ದುದರ ಅರ್ಧ. ಅರ್ಧ ಜಾಗದಲ್ಲಿ ಅದೇ ಪೆಟ್ಟಿನ ಶಕ್ತಿಯನ್ನು ಸ್ಪ್ರಿಂಗ್ ಒಂದೇ ನುಂಗಬೇಕಾದರೆ ಅದು ನಾಲ್ಕು ಪಟ್ಟು ಗಟ್ಟಿ ಇರಬೇಕು. ಯಾವ ಲೋಯರಿಂಗ್ ಸ್ಪ್ರಿಂಗ್ ಕೂಡ ಅಷ್ಟು ಗಟ್ಟಿ ಇರುವುದಿಲ್ಲ, ಇದ್ದರೆ ಕಾರಿನಲ್ಲಿ ಕೂರಲಾಗದು. ಹಾಗಾಗಿ ಚಕ್ರ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ತಿರುವಿನ ನಡುವೆ ಮುಂಭಾಗ ಹೀಗೆ ಬಡಿದರೆ ಕಾರು ಸ್ಟೀರಿಂಗ್ ಕೇಳದೆ ನೇರ ಜಾರುತ್ತದೆ. ಹಿಂಭಾಗ ಬಡಿದರೆ ಬಾಲ ಹೊರಗೆ ಚಿಮ್ಮಬಹುದು. ಹೊರಗೆ ಬಿಗಿಯಾಗಿ ಕಾಣುವ ಕಾರು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ ಹಿಡಿತ ಬಿಡುವುದು ಹೀಗೆ. ಹ್ಯಾಂಡ್ಲಿಂಗ್ ಎಂದರೆ ಕಾರು ಎಷ್ಟು ಚಪ್ಪಟೆಯಾಗಿ ತಿರುಗುತ್ತದೆ ಎಂಬುದಲ್ಲ, ನಾಲ್ಕು ಟೈರುಗಳು ಎಷ್ಟು ಹೊತ್ತು, ಎಷ್ಟು ಸಮನಾದ ಒತ್ತಡದಲ್ಲಿ ನೆಲವನ್ನು ಹಿಡಿದಿರುತ್ತವೆ ಎಂಬುದು.

ಆ ಕೆಲಸ ಶಾಕ್‌ನದು. ಸ್ಪ್ರಿಂಗ್ ಪೆಟ್ಟಿನ ಶಕ್ತಿಯನ್ನು ಕೂಡಿಟ್ಟು ಮತ್ತೆ ಹಿಂದಿರುಗಿಸುತ್ತದೆ, ಅಷ್ಟೇ. ಆ ಶಕ್ತಿಯನ್ನು ಎಣ್ಣೆಯ ಬಿಸಿಯಾಗಿ ಕಳೆಯುವುದು ಶಾಕ್ ಒಂದೇ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಹಿಂದಿರುಗುವ ಬಲ ಹೆಚ್ಚು; ಅದನ್ನು ಹಿಡಿಯುವ ರಿಬೌಂಡ್ ಡ್ಯಾಂಪಿಂಗ್ ಕೂಡ ಹೆಚ್ಚಬೇಕು. ಮೂಲ ಶಾಕ್ ಇಟ್ಟುಕೊಂಡು ಶೇಕಡಾ 30ರಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೆ ಡ್ಯಾಂಪಿಂಗ್ ಅನುಪಾತ ಶೇಕಡಾ 12ರಷ್ಟು ಕುಸಿಯುತ್ತದೆ. ಇದು ಹೊಸ ಶಾಕ್‌ನ ಲೆಕ್ಕ. 60-70 ಸಾವಿರ ಕಿ.ಮೀ. ಓಡಿ ಸೋತ ಶಾಕ್ ಆಗಿದ್ದರೆ, ಕಾರು ಗುಂಡಿ ದಾಟಿದ ಮೇಲೂ ಪುಟಿಯುತ್ತಲೇ ಇರುತ್ತದೆ. ಬರೀ ಸ್ಪ್ರಿಂಗ್ ಬದಲಿಸಿದ ಕಾರುಗಳು ಹೆದ್ದಾರಿಯ ಸೇತುವೆ ಜೋಡಣೆಗಳ ಮೇಲೆ ನಿಲ್ಲದೆ ಕುಪ್ಪಳಿಸುವುದು ಇದಕ್ಕೇ.

ಒಳ್ಳೆಯ ಶಾಕ್‌ನ ಗುಣ ಅದು ಗಟ್ಟಿ ಇರುವುದಲ್ಲ. ಕಾರು ತಿರುವಿಗೆ ಇಳಿಯುವಾಗ, ಬ್ರೇಕ್ ಒತ್ತಿದಾಗ ಶಾಕ್‌ನ ರಾಡ್ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗದಲ್ಲಿ ಚಲಿಸುತ್ತದೆ. ಗುಂಡಿಯ ಅಂಚಿಗೆ ಬಡಿದಾಗ ಆ ವೇಗ ಹತ್ತಾರು ಪಟ್ಟು ಹೆಚ್ಚುತ್ತದೆ. ನಿಧಾನ ಚಲನೆಗೆ ಬಿಗಿಯಾಗಿ ನಿಂತು, ವೇಗದ ಪೆಟ್ಟಿಗೆ ವಾಲ್ವ್ ತೆರೆದು ಬಿಟ್ಟುಕೊಡುವ ಶಾಕ್ ನಮಗೆ ಬೇಕಾದದ್ದು. ಅಂಥದ್ದನ್ನು ಹಾಕಿದರೆ ಮೂಲ ಸ್ಪ್ರಿಂಗ್‌ನಲ್ಲೇ ಕಾರು ಸ್ಟೀರಿಂಗ್‌ಗೆ ಬೇಗ ಸ್ಪಂದಿಸುತ್ತದೆ. ಕೊನೆಗೆ ಅದು ಮೊದಲಿನಷ್ಟೇ ವಾಲಿದರೂ ವಾಲುವ ವೇಗ ತಗ್ಗಿರುತ್ತದೆ, ಚಾಲಕನಿಗೆ ನಂಬಿಕೆ ಹುಟ್ಟಿಸುವುದು ಈ ವೇಗವೇ. ಅಗ್ಗದ ‘ಸ್ಪೋರ್ಟ್’ ಶಾಕ್‌ಗಳಲ್ಲಿ ಎರಡೂ ವೇಗಗಳಲ್ಲಿ ಒಂದೇ ಸಮನೆ ಗಟ್ಟಿತನ ಇರುತ್ತದೆ; ಅವುಗಳಿಂದ ಬೆನ್ನಿಗೂ ಟೈರಿಗೂ ಪೆಟ್ಟೇ ಹೊರತು ಹಿಡಿತವಿಲ್ಲ. ಒಂದೇ ಕೊಳವೆಯಲ್ಲಿ ಎಣ್ಣೆಯನ್ನೂ ಒತ್ತಡದ ನೈಟ್ರೋಜನ್ ಅನಿಲವನ್ನೂ ತೇಲುವ ಪಿಸ್ಟನ್‌ನಿಂದ ಬೇರ್ಪಡಿಸಿಡುವ ಮೊನೊಟ್ಯೂಬ್ ಮಾದರಿಯಲ್ಲಿ ಎಣ್ಣೆ ನೊರೆಗಟ್ಟುವುದು ಕಡಿಮೆ, ಬಿಸಿ ಹೊರಹೋಗುವುದು ಸುಲಭ. ಉದ್ದದ ಘಾಟಿ ಇಳಿತಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಹಾಗೆಂದು ಎರಡು ಕೊಳವೆಗಳ ಟ್ವಿನ್‌ಟ್ಯೂಬ್ ಎಂದೊಡನೆ ತಿರಸ್ಕರಿಸಬೇಕಿಲ್ಲ. ರಿಬೌಂಡ್ ಬದಲಿಸಿಕೊಳ್ಳಬಹುದಾದ ಕೋನಿ ಕಂಪನಿಯ ಹಳದಿ ಶಾಕ್‌ಗಳು ದಶಕಗಳಿಂದ ಗೌರವ ಉಳಿಸಿಕೊಂಡಿವೆ.

ಉದ್ದವನ್ನೂ ನೋಡಬೇಕು. ಬಿಲ್‌ಸ್ಟೈನ್ ಕಂಪನಿ ಇದನ್ನು ಸ್ಪಷ್ಟವಾಗಿ ಬೇರ್ಪಡಿಸಿದೆ: ಬಿ6 ಮೂಲ ಎತ್ತರದ ಸ್ಪ್ರಿಂಗ್‌ಗೆ, ಬಿ8 ಲೋಯರಿಂಗ್ ಸ್ಪ್ರಿಂಗ್‌ಗೆಂದೇ ಗಿಡ್ಡವಾಗಿ ಮಾಡಿದ್ದು. ಮೂಲ ಉದ್ದದ ಶಾಕ್‌ನ ಮೇಲೆ ಗಿಡ್ಡ ಸ್ಪ್ರಿಂಗ್ ಕೂರಿಸಿದರೆ ಪಿಸ್ಟನ್ ತನ್ನ ಓಡಾಟದ ಕೆಳತುದಿಯ ಹತ್ತಿರವೇ ಕೆಲಸ ಮಾಡುತ್ತದೆ. ಚಕ್ರ ಪೂರ್ತಿ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗುವ ಅಪಾಯವೂ ಇದೆ. ಗ್ರೈಂಡರ್‌ನಲ್ಲಿ ಸ್ಪ್ರಿಂಗ್‌ನ ಸುತ್ತು ಕತ್ತರಿಸಿ ಕಾರು ತಗ್ಗಿಸುವ ಅಭ್ಯಾಸ ಎಂದಿಗೂ ಬೇಡ. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ, ಹಂಪ್ ಇಳಿಯುವಾಗ ಸ್ಪ್ರಿಂಗ್ ಜಾಗ ಬಿಟ್ಟು ಜಾರಬಹುದು.

ರೇಸ್ ಕಾರುಗಳು ನೆಲಕ್ಕಂಟಿದಂತೆ ಇರುತ್ತವಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಇರುತ್ತವೆ, ಅಲ್ಲಿ ಅದು ಸರಿಯೂ ಹೌದು. ಟ್ರ್ಯಾಕ್‌ನ ಮೇಲ್ಮೈ ನಯವಾಗಿರುತ್ತದೆ, ಸ್ಪ್ರಿಂಗ್‌ಗಳು ಹಲವು ಪಟ್ಟು ಗಟ್ಟಿ, ತಗ್ಗಿದ ಎತ್ತರಕ್ಕೆ ತಕ್ಕಂತೆ ಆರ್ಮ್‌ಗಳ ಕೋನವನ್ನೇ ಹೊಸದಾಗಿ ರೂಪಿಸಿರುತ್ತಾರೆ. ನಮಗೆ ಹೊಂದುವ ಸಾಕ್ಷ್ಯ ಬೇರೆ ಕಡೆ ಇದೆ. ಭಾರತದ ರಸ್ತೆಗೆಂದೇ ಚುರುಕು ಕಾರು ಮಾಡಹೊರಟ ತಯಾರಕರು ಎಷ್ಟು ತಗ್ಗಿಸಿದರು ನೋಡಿ. 2018ರ ಟಾಟಾ ಟಿಯಾಗೊ ಜೆಟಿಪಿಯಲ್ಲಿ ಸ್ಪ್ರಿಂಗ್, ಶಾಕ್ ಎರಡನ್ನೂ ಹೊಸದಾಗಿ ಹೊಂದಿಸಿದರು. ಎತ್ತರ ಇಳಿಸಿದ್ದು ಕೇವಲ 4 ಮಿ.ಮೀ. ಹ್ಯುಂಡೈ ಐ20 ಎನ್ ಲೈನ್‌ನಲ್ಲಿ ಸಸ್ಪೆನ್ಷನ್ ಬಿಗಿಗೊಳಿಸಿದರು, ಎತ್ತರ ಮುಟ್ಟಲಿಲ್ಲ. ಅಬಾರ್ಥ್ ಪುಂಟೊ ಮಾತ್ರ ಇವುಗಳಿಗಿಂತ ಹೆಚ್ಚು ಧೈರ್ಯ ಮಾಡಿತು. ವಾರಂಟಿಯ ಭಯದಿಂದ ಕಂಪನಿಗಳು ಹಿಂಜರಿಯುತ್ತವೆ ಎನ್ನಬಹುದು. ಆ ಭಯವೂ ಒಂದು ಮಾಹಿತಿಯೇ. ಯಾವ ಎತ್ತರದಲ್ಲಿ ನಮ್ಮ ರಸ್ತೆ ಕಾರನ್ನು ಮುರಿಯುತ್ತದೆ ಎಂದು ಅವರು ಪರೀಕ್ಷೆ ಮಾಡಿ ತಿಳಿದಿರುತ್ತಾರೆ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ನಮ್ಮ ಕಾರುಗಳನ್ನು ಹಂಪ್‌ಗಳಿಗೆಂದು ಎತ್ತರಿಸಿ, ಮೆತ್ತಗೆ ಮಾಡಿ ಮಾರುತ್ತಾರೆ, ಆದ್ದರಿಂದ ತಗ್ಗಿಸುವುದೆಂದರೆ ಮೂಲ ವಿನ್ಯಾಸಕ್ಕೆ ಮರಳುವುದೇ ಅಲ್ಲವೇ? ಯೂರೋಪಿನಲ್ಲಿ ವಿನ್ಯಾಸಗೊಂಡ ಕಾರುಗಳ ಮಟ್ಟಿಗೆ ಈ ಮಾತನ್ನು ಒಪ್ಪುತ್ತೇನೆ. ಆರ್ಮ್‌ನ ಕೋನ ಅಲ್ಲಿನ ಎತ್ತರಕ್ಕೆ ಹೊಂದಿರುವುದರಿಂದ ಸ್ವಲ್ಪ ಇಳಿಸಿದರೆ ಹಾನಿ ಕಡಿಮೆ. ಆದರೆ ಇಲ್ಲೇ ಎಚ್ಚರ ಬೇಕು. ಜರ್ಮನಿಯ ಐಬಾಕ್, ಎಚ್ ಅಂಡ್ ಆರ್ ಸ್ಪ್ರಿಂಗ್‌ಗಳ ಪೆಟ್ಟಿಗೆಯ ಮೇಲೆ 30 ಮಿ.ಮೀ. ಎಂದಿದ್ದರೆ ಅದು ಅಲ್ಲಿನ ಕಾರಿನ ಎತ್ತರದಿಂದ ಅಳೆದದ್ದು. ಭಾರತಕ್ಕೆಂದು ಎತ್ತರಿಸಿದ ಕಾರಿಗೆ ಅದನ್ನೇ ಹಾಕಿದರೆ, ಎತ್ತರಿಸಿದ ಅಷ್ಟನ್ನೂ ಸೇರಿಸಿ ಇಳಿಯುತ್ತದೆ. ರಸ್ತೆಯಂತೂ ಯೂರೋಪಿನದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. 2,450 ಮಿ.ಮೀ. ವೀಲ್‌ಬೇಸಿನ ಕಾರು ಅದರ ನಡುವೆ ನಿಂತಾಗ ಚಕ್ರಗಳೂ ಹಂಪ್‌ನ ಮೇಲೇ ಇರುವುದರಿಂದ ಹೊಟ್ಟೆಯ ಕೆಳಗೆ ಉಬ್ಬು ಏಳುವುದು 44 ಮಿ.ಮೀ. ಮಾತ್ರ. ಅಂಥ ಹಂಪ್ ತಗ್ಗಿಸಿದ ಕಾರಿಗೂ ತೊಂದರೆಯಲ್ಲ. ಊರವರು ರಾತ್ರೋರಾತ್ರಿ ಹಾಕಿದ ಒಂದಡಿ ಅಗಲದ ಉಬ್ಬಿನಲ್ಲಿ ಪೂರ್ತಿ 10 ಸೆಂ.ಮೀ. ಹೊಟ್ಟೆಯ ಕೆಳಗೇ ಬರುತ್ತದೆ. 165 ಮಿ.ಮೀ. ಕ್ಲಿಯರೆನ್ಸ್‌ನ ಕಾರನ್ನು 30 ತಗ್ಗಿಸಿ, ಐವರು ಕೂತು, ಡಿಕ್ಕಿ ತುಂಬಿ ಇನ್ನೊಂದು 30 ಇಳಿದರೆ ಆ ಉಬ್ಬಿನ ಮೇಲೆ ಉಳಿದದ್ದು ಐದೇ ಮಿ.ಮೀ. ಕಾರು ಅಲುಗಾಡದೆ ನಿಂತಿದ್ದಾಗಿನ ಲೆಕ್ಕವಿದು.

ಇಷ್ಟೆಲ್ಲ ಆದಮೇಲೆ ಸ್ಪ್ರಿಂಗ್ ಬೇಕು ಎನ್ನುವವರು ನೋಟಕ್ಕಾಗಿ ಬಯಸಿದರೂ ತಪ್ಪೇನಿಲ್ಲ. ಕಾರಿನ ನಿಲುವಿಗೂ ಸೊಗಸು ಇದೆ. ಆರಿಸುವಾಗ ಎಷ್ಟು ತಗ್ಗುತ್ತದೆ ಎಂಬುದಕ್ಕಿಂತ ಎಷ್ಟು ಗಟ್ಟಿ ಎಂದು ಕೇಳಿ. ಮುಂದಿನದು ಎಷ್ಟು, ಹಿಂದಿನದು ಎಷ್ಟು ಎಂದು ಬೇರೆಬೇರೆಯಾಗಿ ಕೇಳಿ. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದ ಮಾರಿಸ್ ಆಲಿ 1930ರ ದಶಕದಲ್ಲೇ ತೋರಿಸಿಕೊಟ್ಟ ಪಾಠವಿದು: ಹಿಂಭಾಗದ ಕಂಪನ ಮುಂಭಾಗಕ್ಕಿಂತ ತುಸು ವೇಗವಾಗಿದ್ದರೆ, ಉಬ್ಬನ್ನು ಆಮೇಲೆ ದಾಟುವ ಹಿಂಭಾಗ ಬೇಗ ಮುಂಭಾಗದ ಜತೆ ಸೇರಿಕೊಂಡು, ಕಾರು ಮುಂದೆ ಹಿಂದೆ ತೂಗುವುದು ನಿಲ್ಲುತ್ತದೆ. ಮುಂಭಾಗವನ್ನಷ್ಟೇ ವಿಪರೀತ ಗಟ್ಟಿ ಮಾಡಿದ ಸೆಟ್ ಈ ಸಮತೋಲ ಕೆಡಿಸುತ್ತದೆ. ಗಟ್ಟಿತನದ ಅಂಕಿ ಕೊಡದ ಮಾರಾಟಗಾರರಿಂದ ನಾನು ಕೊಳ್ಳುವುದಿಲ್ಲ. ತಂತಿಯ ದಪ್ಪ ಕಣ್ಣಿಗೆ ಕಾಣದಷ್ಟು ಬದಲಾದರೂ ಗಟ್ಟಿತನ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ, 12 ಮಿ.ಮೀ. ತಂತಿ 12.5 ಆದರೆ ಶೇಕಡಾ 17ಕ್ಕೂ ಹೆಚ್ಚು. ನೋಡಿ ಅಂದಾಜು ಮಾಡುವ ವಸ್ತುವಲ್ಲ ಇದು.

ಕೂರಿಸುವ ಕೆಲಸದಲ್ಲಿ ಗ್ಯಾರೇಜುಗಳು ಹೆಚ್ಚಾಗಿ ಬಿಟ್ಟುಬಿಡುವ ಒಂದು ಹೆಜ್ಜೆ ಇದೆ. ಕೆಳಗಿನ ಆರ್ಮ್‌ನ ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಲಿಫ್ಟ್ ಮೇಲೆ ಚಕ್ರ ಜೋತಾಡುತ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸಡಿಲ ಬಿಟ್ಟು, ಕಾರಿನ ಭಾರ ಚಕ್ರಗಳ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು. ಸ್ಟ್ರಟ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್‌ಗಳನ್ನು ಅದೇ ಕೂಲಿಯಲ್ಲಿ ಹೊಸದು ಹಾಕಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಕೆಲಸಕ್ಕೆ ಮುಂಚೆ ವಿಮಾ ಕಂಪನಿಗೆ ಬರೆದು ಕೇಳುವುದು ಒಳ್ಳೆಯದು. ಮುಗಿದ ಮೇಲೆ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಕೆಲವು ನೂರು ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಮತ್ತೆ ಅಳೆದು, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್‌ನ ಕೋನ ಸರಿಪಡಿಸಿಕೊಳ್ಳಿ.