ಸಿಲ್ವಿಯಾಳ ಅವಳಿ ಮಕ್ಕಳು

1866ರ ಮೇ 16ರಂದು ಮದ್ರಾಸಿನ ನುಂಗಂಬಾಕ್ಕಂ ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ ಅವರ ಕಣ್ಣಿಗೆ ಒಂದು ಹೊಸ ಚುಕ್ಕಿ ಬಿತ್ತು. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ 87, ಹೆಸರು ಸಿಲ್ವಿಯಾ.

ಕ್ಷುದ್ರಗ್ರಹ ಬೇಟೆಗೆ ಛಾಯಾಚಿತ್ರ ಒದಗಿದ್ದು 1891ರಲ್ಲಿ. ಅದಕ್ಕೂ ಮೊದಲು ಕಣ್ಣೇ ಎಲ್ಲ. ಆಕಾಶದ ಒಂದು ತುಣುಕನ್ನು ನಕ್ಷೆಯೊಡನೆ ಚುಕ್ಕಿ ಚುಕ್ಕಿಯಾಗಿ ತಾಳೆ ನೋಡಬೇಕು. ನಕ್ಷತ್ರಗಳ ನಡುವೆ ಯಾವುದಾದರೂ ಒಂದು ಜಾಗ ಬದಲಿಸಿತೇ ಎಂದು ಮತ್ತೆ ಕಾದು ನೋಡಬೇಕು. ಪೋಗ್ಸನ್ ಈ ಕೆಲಸದಲ್ಲಿ ಪಳಗಿದವರು. 1861ರಲ್ಲಿ ಅವರು ಮದ್ರಾಸಿನಿಂದಲೇ ಗುರುತಿಸಿದ ‘ಏಷ್ಯಾ’, ಈ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ. ಕಾಂತಿಮಾನದ ಒಂದೊಂದು ಮೆಟ್ಟಿಲಿಗೂ 2.512 ಪಟ್ಟು ವ್ಯತ್ಯಾಸ ಎಂಬ ಅಳತೆಗೋಲೂ ಅವರದೇ ಕೊಡುಗೆ. ಆ ವೀಕ್ಷಣಾಲಯದ ಪರಂಪರೆ ಇಂದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿದಿದೆ.

ಮಂಗಳ ಮತ್ತು ಗುರುವಿನ ನಡುವಿನ ಮುಖ್ಯಪಟ್ಟಿಯ ಹೊರ ಅಂಚು ಸಿಲ್ವಿಯಾಳ ನೆಲೆ. ಸೂರ್ಯನಿಂದ ಸರಾಸರಿ ದೂರ ಸುಮಾರು 52 ಕೋಟಿ ಕಿಲೊಮೀಟರ್, ಒಂದು ಪ್ರದಕ್ಷಿಣೆಗೆ ಆರೂವರೆ ವರ್ಷ. ತನ್ನ ಸುತ್ತ ತಿರುಗುವುದಕ್ಕೆ ಮಾತ್ರ ಐದು ಗಂಟೆಗಿಂತ ತುಸು ಹೆಚ್ಚು ಸಮಯ ಸಾಕು. ಮೈ ಕಪ್ಪು, ಆಕಾರ ಉದ್ದುದ್ದ, ಸರಾಸರಿ ವ್ಯಾಸ ಸುಮಾರು 270 ಕಿಲೊಮೀಟರ್.

ಇಷ್ಟು ದೊಡ್ಡ ಬಂಡೆ ತನ್ನ ಗುಟ್ಟು ಬಿಟ್ಟುಕೊಡಲು 135 ವರ್ಷ ಹಿಡಿಯಿತು.

2001ರಲ್ಲಿ ಹವಾಯಿಯ ಕೆಕ್ ದೂರದರ್ಶಕ ಸಿಲ್ವಿಯಾಳ ಪಕ್ಕದಲ್ಲೊಂದು ಚಂದ್ರನನ್ನು ತೋರಿಸಿತು. 2005ರಲ್ಲಿ, ಚಿಲಿಯ ದೈತ್ಯ ದೂರದರ್ಶಕದ ಚಿತ್ರಗಳಿಂದ ಎರಡನೆಯದು ಪತ್ತೆಯಾದ ಸುದ್ದಿ ಹೊರಬಿತ್ತು. ಎರಡು ಚಂದ್ರರಿರುವ ಕ್ಷುದ್ರಗ್ರಹವೊಂದು ಸಿಕ್ಕಿದ್ದು ಅದೇ ಮೊದಲು. ರೋಮ್ ನಗರದ ಐತಿಹ್ಯದಲ್ಲಿ ರಿಯಾ ಸಿಲ್ವಿಯಾ ಅವಳಿ ಮಕ್ಕಳ ತಾಯಿ. ಹಾಗಾಗಿ ಚಂದ್ರರಿಗೆ ಆ ಮಕ್ಕಳ ಹೆಸರೇ ಬಂತು: ರೊಮುಲಸ್, ರೀಮಸ್. ಸುಮಾರು 1,360 ಕಿಲೊಮೀಟರ್ ದೂರದ ರೊಮುಲಸ್ ಮೂರೂವರೆ ದಿನ ದಾಟಿದ ಮೇಲೆ ಒಂದು ಸುತ್ತು ಮುಗಿಸಿದರೆ, ಒಳಗಿನ ರೀಮಸ್‌ಗೆ ಸುಮಾರು 33 ಗಂಟೆ ಸಾಕು.

ಮಕ್ಕಳ ಈ ಓಟವೇ ತಾಯಿಯನ್ನು ತೂಗುವ ತಕ್ಕಡಿಯಾಯಿತು. ಸುತ್ತುವ ದೂರ, ವೇಳೆ ತಿಳಿದರೆ ನಡುವಿನ ಕಾಯದ ದ್ರವ್ಯರಾಶಿ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ಗಾತ್ರದೊಡನೆ ಹೋಲಿಸಿದಾಗ ಸಿಲ್ವಿಯಾಳ ಸಾಂದ್ರತೆ ನೀರಿಗಿಂತ ಕೊಂಚವೇ ಹೆಚ್ಚು ಎಂದು ಗೊತ್ತಾಯಿತು. ಗಟ್ಟಿ ಕಲ್ಲು ಇಷ್ಟು ಹಗುರ ಇರಲಾರದು. ಹಳೆಯ ಡಿಕ್ಕಿಯೊಂದರಲ್ಲಿ ಚೂರಾಗಿ, ಆ ಚೂರುಗಳೇ ಮತ್ತೆ ಒಟ್ಟುಗೂಡಿದ, ಒಳಗೆಲ್ಲ ಪೊಳ್ಳುಗಳಿರುವ ರಾಶಿಯಂತೆ ಅದು ತೋರುತ್ತದೆ.

ಚಂದ್ರರು ಹವ್ಯಾಸಿಗಳ ಕಣ್ಣಿಗೆ ನಿಲುಕರು. ತಾಯಿ ನಿಲುಕುತ್ತಾಳೆ. ಸೂರ್ಯನಿಗೆ ಎದುರು ದಿಕ್ಕಿಗೆ ಬಂದ ತಿಂಗಳಲ್ಲಿ, ಊರ ದೀಪಗಳಿಂದ ದೂರ, ಎಂಟು ಇಂಚಿನ ದೂರದರ್ಶಕ ಸಾಕು. ಅವಳಿರುವ ಆಕಾಶದ ತುಣುಕಿನ ಚುಕ್ಕಿಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು, ಮರುರಾತ್ರಿ ಇನ್ನೊಮ್ಮೆ ಬರೆಯಬೇಕು. ಎರಡು ಹಾಳೆಗಳಲ್ಲಿ ಒಂದೇ ಒಂದು ಚುಕ್ಕಿ ಸರಿದಿರುತ್ತದೆ.