ಕಿವಿಗೆ ಬೇಕಾದ ಇಂಗ್ಲಿಷ್

ಬೆಂಗಳೂರಿನ ದಂಡಿಗೆ 1896ರಲ್ಲಿ ಬಂದಿಳಿದ ಬ್ರಿಟಿಷ್ ಅಶ್ವದಳವೊಂದರಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ಹುಡುಗ ಅಧಿಕಾರಿಯಿದ್ದ. ಬೆಳಿಗ್ಗೆ ಕವಾಯತು, ಸಂಜೆ ಪೋಲೋ. ನಡುವಿನ ಬಿಸಿಲ ಹೊತ್ತಿನಲ್ಲಿ ತಾಯಿ ಇಂಗ್ಲೆಂಡಿನಿಂದ ಕಳಿಸುತ್ತಿದ್ದ ಗಿಬ್ಬನ್, ಮೆಕಾಲೆಯವರ ಇತಿಹಾಸ ಸಂಪುಟಗಳ ಓದು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನು ಅಲ್ಲೇ ಕೂತು ತನ್ನನ್ನು ತಾನು ಓದಿಸಿಕೊಂಡ. 1897ರಲ್ಲಿ, ಇನ್ನೂ ಪಾರ್ಲಿಮೆಂಟಿಗೆ ಕಾಲಿಡುವ ಮೊದಲೇ, ಭಾಷಣಕಲೆಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದ. ಹೆಸರು ‘ದ ಸ್ಕ್ಯಾಫೋಲ್ಡಿಂಗ್ ಆಫ್ ರೆಟರಿಕ್’. ಆಗ ಅದು ಅಚ್ಚಾಗಲಿಲ್ಲ.

ಆ ಪ್ರಬಂಧದಲ್ಲಿ ಆತ ಹೇಳುವ ಮಾತೊಂದಿದೆ. ದೊಡ್ಡ ಇಂಗ್ಲಿಷ್ ವಾಗ್ಮಿಗಳೆಲ್ಲ ಒಲಿದದ್ದು ಚಿಕ್ಕ, ಮನೆಬಳಕೆಯ ಪದಗಳಿಗೆ. ಒಂದು ಭಾಷೆಯ ಚಿಕ್ಕ ಪದಗಳು ಸಾಮಾನ್ಯವಾಗಿ ಅದರ ಹಳೆಯ ಪದಗಳು. ಆ ಜನರ ಸ್ವಭಾವದಲ್ಲಿ ಅವು ಆಳಕ್ಕೆ ಬೇರುಬಿಟ್ಟಿರುತ್ತವೆ. ಲ್ಯಾಟಿನ್, ಗ್ರೀಕಿನಿಂದ ಆಮೇಲೆ ಬಂದ ಪದಗಳಿಗೆ ಆ ಬಲವಿಲ್ಲ. ಇಂಗ್ಲಿಷ್ ಭಾಷಣಗಳನ್ನು ಕೇಳುವ ಹುಚ್ಚು ಹಚ್ಚಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ.

ಕನ್ನಡಿಗರಿಗಂತೂ ಇದು ಥಟ್ಟನೆ ಹೊಳೆಯಬೇಕಾದ ಸಂಗತಿ. ನಮ್ಮಲ್ಲೂ ನೀರು ಇದೆ, ಜಲ ಇದೆ. ಮನೆ ಇದೆ, ಗೃಹ ಇದೆ. ಸಾವು ಇದೆ, ಮರಣ ಇದೆ. ಹದಿಮೂರನೆಯ ಶತಮಾನದ ಆಂಡಯ್ಯ ಸಂಸ್ಕೃತದ ಪದಗಳನ್ನು ಇದ್ದಂತೆಯೇ ತಾರದೆ ಒಂದು ಕಾವ್ಯವನ್ನೇ ಬರೆದು ಮುಗಿಸಿದ. ಎಲ್ಲಿ ‘ಸತ್ತ’ ಅನ್ನಬೇಕು, ಎಲ್ಲಿ ‘ನಿಧನರಾದರು’ ಅನ್ನಬೇಕು ಎಂದು ಯಾರೂ ನಮಗೆ ಕಲಿಸಿಕೊಡಬೇಕಿಲ್ಲ. ಇಂಗ್ಲಿಷಿನಲ್ಲೂ ಇಂಥವೇ ಎರಡು ಪದರಗಳು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು. ಇಗರ್ಜಿ, ಪಾಠಶಾಲೆಗಳಲ್ಲಿ ಮೊದಲಿಂದಲೂ ಲ್ಯಾಟಿನ್ ಇತ್ತು. ಹೊಲ, ಒಲೆ, ಹಾಸಿಗೆಯ ಮಾತು ಹಳೆಯ ಇಂಗ್ಲಿಷಾಗಿಯೇ ಉಳಿಯಿತು. ಹಾಗಾಗಿ ‘ಹೆಲ್ಪ್’ ಪಕ್ಕದಲ್ಲಿ ‘ಅಸಿಸ್ಟ್’, ‘ಬಿಗಿನ್’ ಪಕ್ಕದಲ್ಲಿ ‘ಕಮೆನ್ಸ್’, ‘ಬೈ’ ಪಕ್ಕದಲ್ಲಿ ‘ಪರ್ಚೇಸ್’. ಅರ್ಥಕೋಶ ಇವನ್ನು ಸಮಾನಾರ್ಥಕಗಳೆಂದು ಹೇಳಿ ಮುಂದೆ ಹೋಗುತ್ತದೆ. ಕಿವಿ ಹಾಗೆ ಹೋಗುವುದಿಲ್ಲ. ನೀರಿನಲ್ಲಿ ಮುಳುಗುತ್ತಿರುವ ಇಂಗ್ಲಿಷ್ ಮನುಷ್ಯ ‘ಅಸಿಸ್ಟ್’ ಎಂದು ಕೂಗುವುದಿಲ್ಲ.

ತರುಣ ಚರ್ಚಿಲ್ ಬರೆದಿಟ್ಟದ್ದನ್ನು ನಲವತ್ತಮೂರು ವರ್ಷದ ಮೇಲೆ ಪ್ರಧಾನಿ ಚರ್ಚಿಲ್ ನಡೆಸಿ ತೋರಿಸಿದ. 1940ರ ಮೇ 13ರಂದು ಪಾರ್ಲಿಮೆಂಟಿಗೆ ತಾನು ಕೊಡಬಲ್ಲದ್ದು ಏನೆಂದು ಹೇಳುವಾಗ ಬಳಸಿದ ನಾಲ್ಕು ನಾಮಪದಗಳು: ಬ್ಲಡ್, ಟಾಯ್ಲ್, ಟಿಯರ್ಸ್, ಸ್ವೆಟ್. ನಾಲ್ಕೂ ಒಂದೇ ಪೆಟ್ಟಿಗೆ ಉಚ್ಚರಿಸುವ, ಒಂದೊಂದೇ ತುಂಡಿನವು. ‘ಟಾಯ್ಲ್’ ಫ್ರೆಂಚಿನ ಮೂಲದ್ದಾದರೂ ಶತಮಾನಗಳ ಬಳಕೆಯಲ್ಲಿ ಸವೆದು ಮನೆಯದೇ ಆಗಿಬಿಟ್ಟಿದೆ. ಅದೇ ವರ್ಷದ ಜೂನ್ 4ರ ಭಾಷಣದ ಕೊನೆಯಲ್ಲಿ ಕಡಲತೀರ, ಹೊಲ, ಬೀದಿ, ಬೆಟ್ಟಗಳಲ್ಲಿ ಹೋರಾಡುತ್ತೇವೆ ಎನ್ನುವ ಭಾಗದಲ್ಲೂ ಬಹುಪಾಲು ಹಳೆಯ ಗಿಡ್ಡ ಪದಗಳೇ. ಅವುಗಳ ನಡುವೆ ಫ್ರೆಂಚಿನಿಂದ ಬಂದ, ಮೂರು ತುಂಡಿನ ‘ಸರೆಂಡರ್’ ಬರುತ್ತದೆ, ಅದೂ ಎಂದಿಗೂ ಮಾಡೆವು ಎಂದು ದೂಡಿಹಾಕಲಿಕ್ಕಾಗಿ. ಪರಕೀಯವಾಗಿ ಕೇಳಬೇಕಾದ ಕೆಲಸಕ್ಕೆ ಪರಕೀಯವಾಗಿ ಕೇಳುವ ಪದ. ಈಗ ನಮಗೆ ಸಿಗುವ ಧ್ವನಿ ಸದನದ್ದಲ್ಲ, 1949ರಲ್ಲಿ ಚರ್ಚಿಲ್ ಮತ್ತೆ ಓದಿ ಮುದ್ರಿಸಿಕೊಂಡದ್ದು. ಭಾಷಣದ ಹಾಳೆಗಳನ್ನು ಆತ ಗದ್ಯದಂತೆ ಬೆರಳಚ್ಚು ಮಾಡಿಸುತ್ತಿರಲಿಲ್ಲ. ಸಾಲುಗಳನ್ನು ಮುರಿದು, ಪದ್ಯದ ಹಾಗೆ ಜೋಡಿಸಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ಕಣ್ಣಿಗೇ ಕಾಣುವಂತೆ ಮಾಡಿಸುತ್ತಿದ್ದ. 1904ರಲ್ಲಿ ಸದನದಲ್ಲಿ ಬಾಯಿಪಾಠದ ಭಾಷಣ ನಡುವೆ ಮರೆತುಹೋಗಿ ಕೂತುಬಿಟ್ಟ ದಿನದ ನಂತರ ಹಾಳೆ ಇಲ್ಲದೆ ಆತ ದೊಡ್ಡ ಭಾಷಣಕ್ಕೆ ಎದ್ದದ್ದಿಲ್ಲ.

ಭಾರತದ ಸ್ವಾತಂತ್ರ್ಯದ ಬಗ್ಗೆ, ಗಾಂಧೀಜಿಯವರ ಬಗ್ಗೆ ಇದೇ ಬಾಯಿ ಆಡಿದ ಮಾತುಗಳನ್ನೂ, 1943ರ ಬಂಗಾಳದ ಬರಗಾಲದಲ್ಲಿ ಆತನ ಸರ್ಕಾರ ನಡೆದುಕೊಂಡ ರೀತಿಯನ್ನೂ ಮರೆತು ಆ ಧ್ವನಿಯನ್ನು ನಾನು ಕೇಳಲಾರೆ. ಕಸುಬನ್ನು ಕಲಿಯಬಹುದು, ಆತನನ್ನು ಪೂಜಿಸಬೇಕಾಗಿಲ್ಲ.

ನನ್ನ ಮಟ್ಟಿಗೆ ಇಂಗ್ಲಿಷ್ ಪದಗಳ ತೂಕ ತಿಳಿಯಬೇಕೆಂದರೆ ಕೇಳಬೇಕಾದದ್ದು ನೆಹರೂ ಅವರ ಎರಡು ಭಾಷಣಗಳನ್ನು, ಒಂದರ ಹಿಂದೆ ಒಂದರಂತೆ. ಮೊದಲನೆಯದು 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ಮಾಡಿದ್ದು. ಎರಡನೆಯದು 1948ರ ಜನವರಿ 30ರ ಸಂಜೆ ಆಕಾಶವಾಣಿಯಲ್ಲಿ, ಗಾಂಧೀಜಿಯವರ ಹತ್ಯೆಯಾದ ಕೆಲವೇ ಗಂಟೆಗಳಲ್ಲಿ ಆಡಿದ್ದು. ನಡುವೆ ಆರು ತಿಂಗಳೂ ಇಲ್ಲ. ಅದೇ ಕಂಠ, ಅದೇ ಹ್ಯಾರೋ, ಕೇಂಬ್ರಿಜ್‌ಗಳ ಇಂಗ್ಲಿಷ್.

ಆಗಸ್ಟಿನದು ಬರೆದು ಸಿದ್ಧಪಡಿಸಿದ ಭಾಷಣ. ಆರಂಭದಲ್ಲೇ ‘ಟ್ರಿಸ್ಟ್’ ಎಂಬ ಮಧ್ಯಯುಗದ ಪದ, ಅದರ ಜೊತೆಗೆ ಲ್ಯಾಟಿನ್ ಮೂಲದ ‘ಡೆಸ್ಟಿನಿ’. ‘ಪ್ಲೆಜ್’, ‘ರಿಡೀಮ್’ ಎಂಬ ಎರಡು ಪದಗಳು ಒತ್ತೆಯಿಟ್ಟು ಬಿಡಿಸಿಕೊಳ್ಳುವ ವ್ಯವಹಾರದ ಕಡೆಯಿಂದ ಬಂದಂಥವು. ಇವು ಎತ್ತರದ ಪದಗಳು, ಆ ರಾತ್ರಿಗೆ ಎತ್ತರ ಬೇಕಿತ್ತು. ಆದರೆ ಗಮನಿಸಿ, ಅದೇ ಭಾಷಣ ಸ್ವಲ್ಪ ಮುಂದೆ ನಡೆದು ಬಡತನದ ಬಳಿಗೆ, ಗಾಂಧೀಜಿಯ ಆಸೆಯ ಬಳಿಗೆ ಬಂದಾಗ ಪದಗಳು ಪಟ್ಟನೆ ನೆಲಕ್ಕಿಳಿಯುತ್ತವೆ. ಪ್ರತಿಯೊಂದು ಕಣ್ಣಿನ ಪ್ರತಿಯೊಂದು ಹನಿಯನ್ನೂ ಒರೆಸುವುದು ಎಂಬ ಭಾವಕ್ಕೆ ಅವರು ಆರಿಸಿಕೊಂಡದ್ದು ‘ವೈಪ್’, ‘ಟಿಯರ್’, ‘ಐ’. ಮೂರೂ ಹಳೆಯ ಇಂಗ್ಲಿಷ್, ಮೂರೂ ಮಗುವಿಗೆ ಗೊತ್ತಿರುವ ಪದಗಳು. ಆ ಸಾಲಿನಲ್ಲಿ ‘ಎರಾಡಿಕೇಷನ್’ ಎಂಬ ಪದವೋ ‘ಸಫರಿಂಗ್ ಮಾಸಸ್’ ಎಂಬ ಜೋಡಿಯೋ ಇದ್ದಿದ್ದರೆ ಇವತ್ತು ಯಾರೂ ಅದನ್ನು ನೆನೆಯುತ್ತಿರಲಿಲ್ಲ.

ಜನವರಿಯದಕ್ಕೆ ಸಿದ್ಧತೆಯಿಲ್ಲ, ಹಾಳೆಯಿಲ್ಲ. ಏನು ಹೇಳಬೇಕೋ, ಹೇಗೆ ಹೇಳಬೇಕೋ ನನಗೆ ತಿಳಿಯದು ಎಂದು ಅವರೇ ಶುರುವಿನಲ್ಲಿ ಹೇಳಿಕೊಳ್ಳುತ್ತಾರೆ. ಬೆಳಕು, ಕತ್ತಲೆ, ಹೋಯಿತು, ಆರಿತು, ಇಷ್ಟೇ ಅಲ್ಲಿನ ಮೊದಲ ಸಾಮಗ್ರಿ: ‘ಲೈಟ್’, ‘ಡಾರ್ಕ್‌ನೆಸ್’, ‘ಗಾನ್’, ‘ಔಟ್’. ‘ಟ್ರಿಸ್ಟ್’ ಎಂಬ ಪದವನ್ನು ಆಯ್ದು ತಂದ ಮನುಷ್ಯನಿಗೆ ಪದದಾರಿದ್ರ್ಯ ಇರಲಿಲ್ಲವಲ್ಲ! ದುಃಖದಲ್ಲಿ ಬಾಯಿಗೆ ಬಂದದ್ದೇ ಇವು. ಆಮೇಲೆ ನಡೆಯುವುದನ್ನು ನಾನು ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಬೆಳಕು ಆರಿತೆಂದು ಹೇಳಿದವರು ತಮ್ಮ ಮಾತನ್ನೇ ಹಿಡಿದು ನಿಲ್ಲಿಸುತ್ತಾರೆ. ನಾನು ಹೇಳಿದ್ದು ತಪ್ಪು, ಅದು ಸಾಮಾನ್ಯ ಬೆಳಕಲ್ಲ ಎಂದು ತಿದ್ದಿಕೊಳ್ಳುತ್ತಾರೆ. ತಿದ್ದುವಾಗಲೂ ಹೊಸ ದೊಡ್ಡ ಪದ ತರುವುದಿಲ್ಲ, ಅದೇ ‘ಲೈಟ್’ ಮತ್ತೆ ಬರುತ್ತದೆ. ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬರಬಾರದೆಂದು ಮೇಷ್ಟ್ರು ಹೇಳಿಕೊಡುತ್ತಾರೆ. ಮಾತಿನಲ್ಲಿ ಆ ನಿಯಮ ಉಲ್ಟಾ. ಓದುಗ ಹಿಂದಿನ ಸಾಲಿಗೆ ಕಣ್ಣು ಹಾಯಿಸಬಲ್ಲ, ಕೇಳುಗನಿಗೆ ಹಿಂದಿನ ಸಾಲು ಇಲ್ಲ. ಅವನ ಕೈಗೆ ಅದೇ ಪದವನ್ನು ಮತ್ತೆ ಕೊಡಬೇಕು.

ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಸಂಸ್ಕೃತದ ಶ್ಲೋಕವನ್ನು ಎತ್ತಿ ಹಿಡಿದ ಅರ್ಥಧಾರಿಯೇ ಕರ್ಣನ ಬಾಯಲ್ಲಿ ‘ಅಮ್ಮಾ’ ಎನ್ನುವ ಘಳಿಗೆಗೆ ಅಚ್ಚಗನ್ನಡಕ್ಕೆ ಇಳಿಯುತ್ತಾನೆ. ಆ ಕಿವಿ ಇರುವವರು ಇಂಗ್ಲಿಷ್ ಭಾಷಣಕ್ಕೆ ಹೆದರಬೇಕಾದ ಕಾರಣವೇ ಇಲ್ಲ.

ಆದರೂ ನಮ್ಮ ವೇದಿಕೆಗಳಲ್ಲಿ ಹೆದರಿಕೆಯೇ ಇಂಗ್ಲಿಷನ್ನು ಆಳುತ್ತಿದೆ. ಶಾಲಾ ವಾರ್ಷಿಕೋತ್ಸವದಲ್ಲಿ ಹತ್ತು ವರ್ಷದ ಹುಡುಗಿ ಮೈಕಿನ ಮುಂದೆ ನಿಂತು ‘ಡಿಗ್ನಿಟರೀಸ್ ಆನ್ ದ ಡಯಾಸ್ ಅಂಡ್ ಆಫ್ ದ ಡಯಾಸ್’ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ‘ಆಸ್ಪಿಷಸ್ ಅಕೇಷನ್’, ‘ಐ ಡೀಮ್ ಇಟ್ ಎ ಗ್ರೇಟ್ ಪ್ರಿವಿಲೇಜ್’ ಎಂಬುವು ಹಿಂದೆಯೇ ಬರುತ್ತವೆ. ಆ ಮಗುವಿನ ಬಗ್ಗೆ ನನಗೆ ಕರುಣೆಯೇ ಹೊರತು ಬೇಸರವಿಲ್ಲ. ‘ಡೀಮ್’ ಎಂದರೇನು ಎಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ‘ಐ ಆಮ್ ಗ್ಲಾಡ್’ ಎಂದರೆ ಸಾಕು ಎಂಬ ಧೈರ್ಯವನ್ನೂ ಕೊಟ್ಟಿಲ್ಲ. ಅದೇ ಮಗು ಬೆಳೆದು ಸಂದರ್ಶನಕ್ಕೆ ಕೂರುವ ಹೊತ್ತಿಗೆ ಫುಟ್‌ಪಾತಿನಲ್ಲಿ ನಾರ್ಮನ್ ಲೂಯಿಸ್ ಪುಸ್ತಕ ಕೊಳ್ಳುತ್ತದೆ. 1949ರಲ್ಲಿ ಮೊದಲು ಬಂದ ‘ವರ್ಡ್ ಪವರ್ ಮೇಡ್ ಈಜಿ’ ಒಳ್ಳೆಯ ಪುಸ್ತಕ, ಓದಿನ ಬಾಗಿಲು ತೆರೆಯಲು, ಪದಗಳ ಬೇರು ಹಿಡಿಯಲು ಈಗಲೂ ನಾನು ಅದನ್ನೇ ಹೇಳುತ್ತೇನೆ. ಆದರೆ ಓದಿದಾಗ ಗುರುತು ಹಿಡಿಯಬೇಕಾದ ಪದಗಳು ಬೇರೆ, ನೂರು ಜನರ ಮುಂದೆ ಬಾಯಿಂದ ಹೊರಡಬೇಕಾದ ಪದಗಳು ಬೇರೆ. ‘ಲೊಕ್ವೇಷಸ್’ ಗೊತ್ತಿರಲಿ, ಸಭೆಯಲ್ಲಿ ‘ಹಿ ಟಾಕ್ಸ್ ಟೂ ಮಚ್’ ಎನ್ನಿ.

ಟೋಸ್ಟ್‌ಮಾಸ್ಟರ್ಸ್ ಕೂಟಗಳನ್ನೂ ಇಲ್ಲಿ ನೆನೆಯಬೇಕು. ರಾಲ್ಫ್ ಸ್ಮೆಡ್ಲಿ ಎಂಬವರು 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಶುರುಮಾಡಿದ ಕೂಟ ಇಂದು ಬೆಂಗಳೂರಿನ ಎಷ್ಟೋ ಐಟಿ ಕಚೇರಿಗಳಲ್ಲಿ ವಾರವಾರ ಸೇರುತ್ತದೆ. ಅಲ್ಲಿ ‘ಗ್ರಾಮೇರಿಯನ್’ ಎಂಬ ಪಾತ್ರಧಾರಿ ಸಭೆಗೊಂದು ಪದ ಕೊಡುತ್ತಾನೆ, ಮಾತಾಡುವವರು ಅದನ್ನು ತಮ್ಮ ಭಾಷಣದಲ್ಲಿ ತರಬೇಕು. ‘ಆ-ಕೌಂಟರ್’ ಎಂಬಾತ ಎಷ್ಟು ಸಲ ‘ಆ’, ‘ಅಮ್’ ಎಂದಿರಿ ಎಂದು ಎಣಿಸುತ್ತಾನೆ. ಎರಡನೆಯವನ ಕೆಲಸಕ್ಕೆ ನನ್ನ ಪೂರ್ಣ ಗೌರವವಿದೆ. ಮೊದಲನೆಯವರಿಗೆ ಒಂದು ವಿನಂತಿ: ಅಪರೂಪದ ಪದದ ಬದಲು ಒಂದೊಂದು ವಾರ ‘ಕೀಪ್’, ‘ಹೋಲ್ಡ್’, ‘ಬೇರ್’, ‘ಸ್ಟ್ಯಾಂಡ್’ ಇಂಥ ಕ್ರಿಯಾಪದ ಕೊಡಿ. ಒಂದು ‘ಸ್ಟ್ಯಾಂಡ್’ ಪದಕ್ಕೆ ಬೈ, ಅಪ್, ಫಾರ್, ಔಟ್ ಸೇರಿಸುತ್ತ ಹೋದರೆ ಎಷ್ಟು ಅರ್ಥಗಳು ಎದ್ದು ನಿಲ್ಲುತ್ತವೆ ಎಂದು ನೋಡಿ. ಇಂಗ್ಲಿಷ್ ಮಾತಿನ ಜೀವ ಇರುವುದೇ ಅಲ್ಲಿ, ಕನ್ನಡಿಗರು ಎಡವುವುದೂ ಅಲ್ಲೇ.

ಇನ್ನೊಂದು ಕಡೆಯೂ ಎಡವುತ್ತೇವೆ. ಕನ್ನಡದಲ್ಲಿ ಅಕ್ಷರ ಅಕ್ಷರಕ್ಕೂ ಹೆಚ್ಚುಕಡಿಮೆ ಸಮ ತೂಕ. ಇಂಗ್ಲಿಷ್ ಪದ ಒಂದು ಕಡೆ ಒತ್ತಿ ಉಳಿದ ಕಡೆ ನುಂಗುತ್ತದೆ. ‘ಕಮಿಟಿ’ಯಲ್ಲಿ ಒತ್ತು ‘ಮಿ’ ಮೇಲೆ, ‘ಡೆವಲಪ್’ನಲ್ಲಿ ‘ವೆ’ ಮೇಲೆ, ‘ಹೋಟೆಲ್’ನಲ್ಲಿ ‘ಟೆಲ್’ ಮೇಲೆ. ‘ರೆಕಾರ್ಡ್’ ನಾಮಪದವಾದರೆ ಮೊದಲ ತುಂಡಿಗೆ ಒತ್ತು, ಕ್ರಿಯಾಪದವಾದರೆ ಎರಡನೆಯದಕ್ಕೆ. ‘ಫೋಟೊಗ್ರಾಫ್’ನಲ್ಲಿ ತಲೆಯ ಮೇಲಿದ್ದ ಒತ್ತು ‘ಫೋಟೊಗ್ರಾಫರ್’ನಲ್ಲಿ ನಡುವಿಗೆ ಜಾರುತ್ತದೆ. ನಾವು ಕನ್ನಡದವರಾಗಿಯೇ ಕೇಳಿಸಬೇಕು, ಲಂಡನ್ನಿನ ರಾಗ ಎಳೆಯುವುದು ಬೇಡ. ಆದರೆ ಒತ್ತು ತಪ್ಪಿದರೆ ಕೇಳುಗನಿಗೆ ಪದವೇ ಸಿಗುವುದಿಲ್ಲ, ಅದನ್ನು ಹುಡುಕುತ್ತಿರುವಾಗ ಮುಂದಿನ ಎರಡು ವಾಕ್ಯ ಕೈಬಿಟ್ಟು ಹೋಗುತ್ತವೆ. ಒಳ್ಳೆಯ ನಿಘಂಟಿನ ಉಚ್ಚಾರಣೆಯಲ್ಲಿ ಒತ್ತಿನ ತುಂಡು ಶುರುವಾಗುವ ಮುಂಚೆ ಮೇಲುಗಡೆ ಒಂದು ಪುಟ್ಟ ಲಂಬಗೆರೆ ಇರುತ್ತದೆ. ಹೊಸ ಪದ ಕಲಿತಾಗ ಅರ್ಥಕ್ಕಿಂತ ಮೊದಲು ಆ ಗೆರೆ ನೋಡಿ. ಉದ್ದನೆಯ ಪದದಲ್ಲಿ ಒತ್ತು ತಪ್ಪಲು ಜಾಗ ಹೆಚ್ಚು. ಒಂದೇ ತುಂಡಿನ ಪದದಲ್ಲಿ ಆ ಕಷ್ಟವೇ ಇಲ್ಲ.

ಹಾಗೆಂದು ಉದ್ದನೆಯ ಪದವನ್ನು ಓಡಿಸಿಬಿಡಿ ಎನ್ನುತ್ತಿಲ್ಲ. ಅದಕ್ಕೆ ಲಿಂಕನ್ ಸಾಕ್ಷಿ. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗಿನ ಯುದ್ಧಭೂಮಿಯಲ್ಲಿ, ಸತ್ತ ಸೈನಿಕರ ಸ್ಮಶಾನದ ಸಮರ್ಪಣೆಯಲ್ಲಿ, ಆ ದಿನದ ಮುಖ್ಯ ಭಾಷಣ ಎಡ್ವರ್ಡ್ ಎವರೆಟ್ ಅವರದು. ಗ್ರೀಕ್ ಸಾಹಿತ್ಯದ ವಿದ್ವಾಂಸರು, ಹಾರ್ವರ್ಡಿನ ಮುಖ್ಯಸ್ಥರಾಗಿದ್ದವರು, ಸುಮಾರು ಎರಡು ಗಂಟೆ ಮಾತಾಡಿದರು. ಲಿಂಕನ್ ಮಾತು ಸುಮಾರು 270 ಪದ, ಎರಡು ಮೂರು ನಿಮಿಷ. ಮರುದಿನ ಎವರೆಟ್ ಅವರೇ ಪತ್ರ ಬರೆದು, ತಾವು ಎರಡು ಗಂಟೆಯಲ್ಲಿ ಮುಟ್ಟಲೆತ್ನಿಸಿದ್ದನ್ನು ಲಿಂಕನ್ ಎರಡು ನಿಮಿಷದಲ್ಲಿ ಮುಟ್ಟಿದರೆಂಬ ಅರ್ಥದಲ್ಲಿ ಮೆಚ್ಚಿದರು. ಹಾಗೆ ಬರೆಯುವುದಕ್ಕೂ ದೊಡ್ಡ ಮನಸ್ಸು ಬೇಕು.

ಆ ಭಾಷಣದ ಮೊದಲ ವಾಕ್ಯದಲ್ಲೇ ‘ಪ್ರಾಪೊಸಿಷನ್’ ಎಂಬ ನಾಲ್ಕು ತುಂಡಿನ ಲ್ಯಾಟಿನ್ ಪದವಿದೆ. ಇದು ರೇಖಾಗಣಿತದ ಪದ: ಇನ್ನೂ ಸಾಧಿಸಿ ತೋರಿಸಬೇಕಾದ ಪ್ರಮೇಯ. ಲಿಂಕನ್ ದೊಡ್ಡವರಾದ ಮೇಲೆ ತಾವಾಗಿ ಯೂಕ್ಲಿಡ್‌ನ ಆರು ಸಂಪುಟ ಅಭ್ಯಾಸ ಮಾಡಿದವರು. ಎಲ್ಲರೂ ಸಮಾನರು ಎಂಬುದು ಈಗಾಗಲೇ ನಿಜವಾಗಿಬಿಟ್ಟ ಸಂಗತಿಯಲ್ಲ, ಸಾಧಿಸಬೇಕಾದದ್ದು ಎಂದು ಹೇಳಲು ಯಾವ ಚಿಕ್ಕ ಪದವೂ ಇರಲಿಲ್ಲ. ಹಾಗಾಗಿ ಉದ್ದನೆಯದು ಬಂತು. ಮುಂದೆ, ಈ ನೆಲವನ್ನು ಪಾವನಗೊಳಿಸುವುದು ನಮ್ಮಿಂದಾಗದು ಎನ್ನುವಲ್ಲಿ ಮೂರು ಕ್ರಿಯಾಪದಗಳು ಸಾಲಾಗಿ ಬರುತ್ತವೆ: ‘ಡೆಡಿಕೇಟ್’, ‘ಕಾನ್ಸಿಕ್ರೇಟ್’, ‘ಹ್ಯಾಲೊ’. ಮೊದಲೆರಡು ಲ್ಯಾಟಿನ್ನಿನವು, ಸಮಾರಂಭದ ಪದಗಳು. ಮೂರನೆಯದು ಹಳೆಯ ಇಂಗ್ಲಿಷಿನದು. ಇಗರ್ಜಿಯ ಪ್ರಾರ್ಥನೆಯಲ್ಲಿ ಅಲ್ಲಿ ನೆರೆದಿದ್ದ ರೈತನೂ, ಅವನ ತಾಯಿಯೂ ದಿನವೂ ಹೇಳುವ ಪದ. ಮೂರರ ಅರ್ಥವೂ ಹತ್ತಿರ ಹತ್ತಿರ. ಅನುಕ್ರಮ ತಿರುಗಿಸಿ ಗಟ್ಟಿಯಾಗಿ ಓದಿ ನೋಡಿ, ಸಾಲು ಕುಸಿಯುತ್ತದೆ. ಇಡೀ ಭಾಷಣದಲ್ಲಿ ‘ಹಿಯರ್’ ಎಂಟು ಸಲ, ‘ಡೆಡಿಕೇಟ್’ ತನ್ನ ರೂಪಗಳಲ್ಲಿ ಆರು ಸಲ. ‘ಐ’ ಒಮ್ಮೆಯೂ ಇಲ್ಲ.

ಈ ವಾರ ಕೇಳುವುದಾದರೆ ನೆಹರೂ ಅವರ ಎರಡನ್ನೂ ಹುಡುಕಿ ಕೇಳಿ; ಎರಡರ ಧ್ವನಿಯೂ ಸಿಗುತ್ತದೆ. ಮೊದಲ ಸಲ ಪಠ್ಯ ಕಣ್ಣೆದುರು ಬೇಡ. ಎರಡನೆಯ ಸಲ ಪೆನ್ಸಿಲ್ ಹಿಡಿದು ಕ್ರಿಯಾಪದಗಳನ್ನು ಮಾತ್ರ ಬರೆದುಕೊಳ್ಳಿ. ಮುಂದಿನ ವಾರ ಮಾರ್ಟಿನ್ ಲೂಥರ್ ಕಿಂಗ್: 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ, ಕನಸಿನ ಮಾತಿಗೆ ಬರುವ ಮೊದಲು, ಅವರು ಪ್ರಾಮಿಸರಿ ನೋಟು, ಚೆಕ್ಕು, ಖಾತೆಯಲ್ಲಿಲ್ಲದ ಹಣ ಎಂದು ಬ್ಯಾಂಕಿನ ಕೌಂಟರಿನ ಪದಗಳನ್ನು ಹೇಗೆ ಎತ್ತಿಕೊಂಡರು ಎಂಬುದನ್ನು ನೋಡೋಣ.