ನೇಣು, ತೋಪು ಮತ್ತು ಟೇಲರನ ಆತ್ಮಕಥೆ

ಚೀನೀಯರು ಹುಟ್ಟು ಕ್ರೂರಿಗಳೆಂಬ ಮಾತನ್ನು ನಾನು ಇಂಗ್ಲಿಷ್ ಪುಸ್ತಕಗಳಿಂದ ಕಲಿತೆ. ಮೈಯನ್ನು ಚೂರುಚೂರಾಗಿ ಕೊಯ್ದು ಕೊಲ್ಲುವ, ಅಲ್ಲಿ ೧೯೦೫ರಲ್ಲಿ ರದ್ದಾದ ‘ಲಿಂಗ್‌ಚಿ’ ಶಿಕ್ಷೆಯೇ ಅದಕ್ಕೆ ಸಾಕ್ಷಿ. ಆ ಮಾತು ಕಳಚಿದ್ದು ಮೆಡೋಸ್ ಟೇಲರನ ಆತ್ಮಕಥೆ ಓದಿದಾಗ. ೧೮೫೮ರಲ್ಲಿ ಸೆರೆಸಿಕ್ಕ ಸುರಪುರದ ಅರಸ ವೆಂಕಟಪ್ಪ ನಾಯಕ, ತಾನು ‘ಅಪ್ಪಾ’ ಎನ್ನುತ್ತಿದ್ದ ಟೇಲರನಲ್ಲಿ ಬೇಡಿದ್ದು ಇಷ್ಟೆ: ಕಳ್ಳನಂತೆ ನೇಣು ಬೇಡ, ತೋಪಿನ ಬಾಯಿಗೆ ಕಟ್ಟಲಿ. ಹಿಂದಿನ ವರ್ಷ ಪೇಶಾವರದಲ್ಲಿ ಇಂಗ್ಲಿಷರು ೪೦ ಸಿಪಾಯಿಗಳನ್ನು ಹಾಗೆಯೇ ಕೊಂದಿದ್ದರು. ಶಿಕ್ಷೆ ನಾಲ್ಕು ವರ್ಷದ ಸೆರೆಗೆ ಇಳಿದರೂ ಅರಸ ದಾರಿಯಲ್ಲೇ ಗುಂಡಿಗೆ ಸತ್ತ. ಟೇಲರನ ಬರಹ ನಿಲ್ಲುವುದು ಇಲ್ಲಿ: ಅವನು ಕಂಡದ್ದು ತನ್ನ ಕಣ್ಣೆದುರು ಬೆಳೆದ ಹುಡುಗನನ್ನು. ಚೀನೀಯನೊಬ್ಬನನ್ನು ಹಾಗೆ ಕಂಡ ಬರಹ ನಮ್ಮಲ್ಲಿ ಎಷ್ಟಿದೆ?